ಕಾಮಾಲೆಗೆ ನಾಟಿ ಔಷಧ: ತಮ್ಮನಿಗೆ ಕೊಡಿಸಬೇಕೆ, ಬೇಡವೆ?

ಪ್ರಶ್ನೆ: ಮಲೆನಾಡಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಇಪ್ಪತ್ತಾರು ವರ್ಷ. ಹತ್ತು ದಿನಗಳ ಹಿಂದೆ ಸಣ್ಣ ಜ್ವರ, ವಾಕರಿಕೆ, ಅನ್ನದ ವಾಸನೆಯೇ ಆಗದಂತಹ ಸ್ಥಿತಿ ಶುರುವಾಯಿತು. ಜ್ವರ ಬಿಟ್ಟಿತು ಎನ್ನುವಷ್ಟರಲ್ಲಿ ಕಣ್ಣು ಹಳದಿಯಾಯಿತು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕಾಮಾಲೆಯ ಅಳತೆಯಾದ ಬಿಲಿರುಬಿನ್ 7.8, ಲಿವರಿಗೆ ಆದ ಪೆಟ್ಟನ್ನು ತೋರಿಸುವ ಎಸ್‌ಜಿಪಿಟಿ 1400ಕ್ಕಿಂತ ಮೇಲೆ ಬಂದಿದೆ. ವೈದ್ಯರು ವಾಂತಿಗೆ ಒಂದು ಮಾತ್ರೆ ಬರೆದು, ವಿಶ್ರಾಂತಿಯಲ್ಲಿರಲಿ, ನೀರು ಕುದಿಸಿ ಕುಡಿಯಿರಿ, ವಾರ ಬಿಟ್ಟು ಮತ್ತೆ ಬನ್ನಿ ಎಂದರು. ಇನ್ನೂ ಕೆಲವು ಪರೀಕ್ಷೆಗಳನ್ನು ಬರೆದುಕೊಟ್ಟಿದ್ದಾರೆ, ಅವನ್ನು ನಾವಿನ್ನೂ ಮಾಡಿಸಿಲ್ಲ.

ಅಮ್ಮನಿಗೆ ಇದರಿಂದ ಸಮಾಧಾನವಿಲ್ಲ. ಆಸ್ಪತ್ರೆಯಲ್ಲಿ ಕಾಮಾಲೆಗೆ ಔಷಧವೇ ಇಲ್ಲವೆಂದು ಡಾಕ್ಟರೇ ಒಪ್ಪಿಕೊಂಡ ಹಾಗಾಯಿತಲ್ಲ ಎನ್ನುವುದು ಅವರ ವಾದ. ನಮ್ಮಿಂದ ಎಂಟು ಮೈಲಿ ದೂರದಲ್ಲಿ ಒಬ್ಬ ಹಿರಿಯರು ಹಾಲಿನಲ್ಲಿ ಸೊಪ್ಪು ಅರೆದು, ಮೂರು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಅದು ನೆಲನೆಲ್ಲಿ ಎಂದು ಕೆಲವರು ಹೇಳುತ್ತಾರೆ, ಜೊತೆಗೆ ಬೇರೆ ಬೇರೂ ಇದೆ ಎಂದು ಇನ್ನು ಕೆಲವರು. ಎಣ್ಣೆ, ಖಾರ, ಉಪ್ಪು, ಅರಿಶಿನ ಎಲ್ಲವನ್ನೂ ಬಿಟ್ಟು ಇಪ್ಪತ್ತೊಂದು ದಿನ ಪಥ್ಯ. ನಮ್ಮ ದೊಡ್ಡಪ್ಪನಿಗೆ ಅಲ್ಲಿಯೇ ವಾಸಿಯಾಗಿದ್ದು, ಪಕ್ಕದ ಮನೆಯ ಹುಡುಗನಿಗೂ ಅಲ್ಲಿಯೇ. ಇನ್ನೊಂದು ಊರಿನಲ್ಲಿ ರೋಗಿಯ ಕೈಗೆ ಏನನ್ನೋ ಸವರಿ ಸುಣ್ಣದ ತಿಳಿನೀರಿನಲ್ಲಿ ತೊಳೆಸುತ್ತಾರೆ. ನೀರು ಹಳದಿಯಾಗಿ ಇಳಿಯುವುದನ್ನು ನಾನೇ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ನನ್ನ ಪ್ರಶ್ನೆಗಳು ಇಷ್ಟು. ಈ ಔಷಧದಲ್ಲಿ ಗುಣವಿಲ್ಲ ಎನ್ನುವುದಾದರೆ ಇಷ್ಟೊಂದು ಜನರಿಗೆ ವಾಸಿಯಾದದ್ದು ಹೇಗೆ? ಕೊಟ್ಟರೆ ತೊಂದರೆ ಏನು? ಕೈ ತೊಳೆದ ನೀರಿನಲ್ಲಿ ಬಂದ ಹಳದಿ ಯಾವುದು? ಪಥ್ಯ ಎಷ್ಟು ಅಗತ್ಯ? ನನ್ನ ಹೆಂಡತಿ ಏಳು ತಿಂಗಳ ಗರ್ಭಿಣಿ. ಕಾಮಾಲೆ ಹರಡದಂತೆ ಅವಳಿಗೂ ಒಂದು ದಿನದ ಔಷಧ ಕೊಡಿಸಿಬಿಡೋಣ ಎಂದು ಅಮ್ಮ ಹೇಳುತ್ತಿದ್ದಾರೆ. ಸೋಮವಾರ ಹೋಗುವುದೆಂದು ನಿಶ್ಚಯವಾಗಿದೆ. ಅದಕ್ಕೂ ಮೊದಲು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.


ಉತ್ತರ: ನಿವೃತ್ತ ತಾಲ್ಲೂಕು ವೈದ್ಯ

ನಿಮ್ಮ ಪ್ರಶ್ನೆಗಳಲ್ಲಿ ಕೊನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಈಗ ಅತಿ ಹೆಚ್ಚು ಅಪಾಯವಿರುವುದು ತಮ್ಮನಿಗಲ್ಲ, ನಿಮ್ಮ ಹೆಂಡತಿಗೆ. ನೀರಿನಿಂದ ಬರುವ ಕಾಮಾಲೆ ನಮ್ಮಲ್ಲಿ ಮುಖ್ಯವಾಗಿ ಎರಡು ವೈರಸ್‌ಗಳಿಂದ ಬರುತ್ತದೆ, ಹೆಪಟೈಟಿಸ್ ಎ ಮತ್ತು ಹೆಪಟೈಟಿಸ್ ಇ. ದೊಡ್ಡವರಲ್ಲಿ ಕಾಣುವುದು ಬಹಳ ಸಲ ಇ. ಉಳಿದವರಲ್ಲಿ ತಾನಾಗಿ ಬಂದು ತಾನಾಗಿ ಹೋಗುವ ಈ ಇ ವೈರಸ್ಸು ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಬೇರೆಯದೇ ರೂಪ ತಾಳುತ್ತದೆ. ಆ ಹಂತದಲ್ಲಿ ಸೋಂಕು ತಗುಲಿದವರಲ್ಲಿ ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದರವರೆಗೆ ಸಾವು ಸಂಭವಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಇದನ್ನು ಹೆದರಿಸಲು ಬರೆಯುತ್ತಿಲ್ಲ, ಮನೆಯ ಗಮನ ಎಲ್ಲಿರಬೇಕು ಎಂದು ತೋರಿಸಲು ಬರೆಯುತ್ತಿದ್ದೇನೆ. ಯಾವ ಸೊಪ್ಪಿನ ರಸವೂ ಈ ಸೋಂಕನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅವರಿಗೆ ಆ ಔಷಧ ಬೇಡವೇ ಬೇಡ. ಚೆನ್ನಾಗಿ ಕುದಿಸಿ ಆರಿಸಿದ ನೀರನ್ನು ಇಂದಿನಿಂದಲೇ ಕೊಡಿ. ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಮತ್ತು ಹಸಿ ತರಕಾರಿ ತೊಳೆಯಲು ಕೂಡ ಅದೇ ನೀರಿರಲಿ. ತಮ್ಮನಿಂದ ಅವರಿಗೆ ನೇರವಾಗಿ ಹರಡುವ ಸಾಧ್ಯತೆ ಕಡಿಮೆ. ಆದರೆ ತಮ್ಮ ಕುಡಿದ ನೀರನ್ನೇ ಅವರೂ ಈಗಾಗಲೇ ಕುಡಿದಿರಬಹುದು, ಮತ್ತು ಈ ವೈರಸ್ಸು ಒಳಹೊಕ್ಕ ಮೇಲೆ ರೋಗ ಕಾಣಿಸಲು ಎರಡರಿಂದ ಹತ್ತು ವಾರ ಬೇಕು. ಆದ್ದರಿಂದ ಹೆರಿಗೆ ವೈದ್ಯರಿಗೆ ವಿಷಯ ತಿಳಿಸಿ. ಹತ್ತು ವಾರಗಳವರೆಗೆ ವಾಕರಿಕೆ, ಅತಿಯಾದ ಸುಸ್ತು, ಕಡು ಹಳದಿ ಮೂತ್ರ ಯಾವುದು ಕಂಡರೂ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಈಗ ತಮ್ಮನ ವಿಷಯ. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳು ತೋರಿಸುವ ಒಂದೇ ಗುರುತು. ನಮ್ಮ ಕೆಂಪು ರಕ್ತಕಣಗಳು ಸುಮಾರು 120 ದಿನ ಬಾಳಿ ಒಡೆಯುತ್ತವೆ. ಒಡೆದಾಗ ಉಳಿಯುವ ಹಳದಿ ಪದಾರ್ಥವೇ ಬಿಲಿರುಬಿನ್. ಲಿವರ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಪಿತ್ತದ ಮೂಲಕ ಕರುಳಿಗೆ ಬಿಡುತ್ತದೆ, ಮಲಕ್ಕೆ ಬಣ್ಣ ಬರುವುದು ಅದರಿಂದಲೇ. ರಕ್ತಕಣಗಳು ಮಿತಿಮೀರಿ ಒಡೆದರೂ, ಲಿವರ್ ಸೋತರೂ, ಪಿತ್ತನಾಳ ಕಟ್ಟಿಕೊಂಡರೂ ಕಣ್ಣು ಹಳದಿಯಾಗುತ್ತದೆ. ಆದ್ದರಿಂದ ಕಾಮಾಲೆಗೆ ಔಷಧ ಯಾವುದು ಎನ್ನುವ ಮೊದಲು ಇದು ಯಾವ ಕಾಮಾಲೆ ಎಂದು ಕೇಳಬೇಕು. ನಿಮ್ಮ ವೈದ್ಯರು ಬರೆದುಕೊಟ್ಟು ನೀವು ಮಾಡಿಸದೆ ಉಳಿಸಿರುವ ಪರೀಕ್ಷೆಗಳು ಈ ಪ್ರಶ್ನೆಗೆ ಉತ್ತರ ಕೊಡುವಂಥವು.

ಇಷ್ಟು ಜನರಿಗೆ ಹೇಗೆ ವಾಸಿಯಾಯಿತು ಎಂದು ಕೇಳಿದ್ದೀರಿ. ಹೆಪಟೈಟಿಸ್ ಎ ಅಥವಾ ಇ ಬಂದ, ಬೇರೆ ಕಾಯಿಲೆಯಿಲ್ಲದ, ಗರ್ಭಿಣಿಯಲ್ಲದ ನೂರು ಜನರಲ್ಲಿ ಸುಮಾರು ತೊಂಬತ್ತೊಂಬತ್ತು ಮಂದಿ ಯಾವ ಔಷಧವೂ ಇಲ್ಲದೆ ಗುಣವಾಗುತ್ತಾರೆ. ಬಿಲಿರುಬಿನ್ ಒಂದೆರಡು ವಾರ ಏರಿ ಆಮೇಲೆ ಇಳಿಯುತ್ತದೆ. ಕಣ್ಣು ಹಳದಿಯಾದ ಮೇಲೆ ಮನೆಯಲ್ಲಿ ಚರ್ಚೆಯಾಗಿ, ವಾರದ ದಿನ ನೋಡಿ, ಔಷಧಕ್ಕೆ ಹೋಗುವ ಹೊತ್ತಿಗೆ ಆ ಏರಿಕೆ ಬಹುಪಾಲು ಮುಗಿದಿರುತ್ತದೆ. ಅಡಿಕೆ ತೋಟವಿದ್ದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆ ಪೂರ್ತಿ ಬಿಟ್ಟ ಮೇಲೆ ತೋಟಕ್ಕೆ ಯಾವುದೋ ಪುಡಿ ಎರಚಿ, ಕೊಳೆ ನಿಂತಿತು ನೋಡಿ ಎಂದರೆ ನೀವು ಒಪ್ಪುವುದಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿಯನ್ನು ತಂದು ನೂರು ವರ್ಷಗಳ ಮೇಲಾಯಿತು. ಅದು ಉಳಿದುಕೊಂಡಿರುವುದು ಹೊಡೆದ ತೋಟಕ್ಕೂ ಹೊಡೆಯದ ತೋಟಕ್ಕೂ ನಡು ಮಳೆಗಾಲದಲ್ಲಿ ಇರುವ ಅಂತರ ರೈತರ ಕಣ್ಣಿಗೆ ಕಾಣುವುದರಿಂದ. ಊರಿನಲ್ಲಿ ಕೊಡುವ ಕಾಮಾಲೆಯ ಸೊಪ್ಪನ್ನು ಯಾರೂ ಹೀಗೆ ಹೋಲಿಸಿ ನೋಡುವುದಿಲ್ಲ. ಔಷಧ ಕುಡಿದು ಗುಣವಾದವರು ನಮ್ಮ ಲೆಕ್ಕಕ್ಕೆ ಬರುತ್ತಾರೆ, ಏನೂ ಕುಡಿಯದೆ ಗುಣವಾದವರನ್ನು ಯಾರೂ ಎಣಿಸುವುದಿಲ್ಲ.

ಆಸ್ಪತ್ರೆಯಲ್ಲಿ ಔಷಧವಿಲ್ಲ ಎಂಬ ನಿಮ್ಮ ತಾಯಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ಎರಡು ವೈರಸ್‌ಗಳಿಗೆ ಸಾಮಾನ್ಯ ರೋಗಿಗೆ ಕೊಡಬೇಕಾದ ವಿಶೇಷ ಔಷಧವಿಲ್ಲ. ಲಿವರ್ ಟಾನಿಕ್, ಗ್ಲೂಕೋಸ್ ಬಾಟಲಿ, ಬಿ ಕಾಂಪ್ಲೆಕ್ಸ್ ಸೂಜಿ ಇವೆಲ್ಲ ರೋಗಿಯ ಮನೆಯವರ ಸಮಾಧಾನಕ್ಕೆ ನಡೆಯುವ ವ್ಯವಹಾರ. ಅವುಗಳಿಂದ ಕಾಮಾಲೆ ಒಂದು ದಿನವೂ ಬೇಗ ಇಳಿಯುವುದಿಲ್ಲ. ಇದನ್ನು ನನ್ನ ವೃತ್ತಿಯವರ ಬಗ್ಗೆಯೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಿಮ್ಮ ವೈದ್ಯರು ಏನನ್ನೂ ಅನಗತ್ಯವಾಗಿ ಬರೆಯದೆ ಕಳಿಸಿದ್ದಾರೆಂದರೆ ಅವರು ಸರಿಯಾದುದನ್ನೇ ಮಾಡಿದ್ದಾರೆ.

ಆದರೆ ವೈದ್ಯರ ಕೆಲಸ ಔಷಧ ಬರೆಯುವುದಷ್ಟೇ ಅಲ್ಲ, ಆ ನೂರರಲ್ಲಿ ಒಬ್ಬನನ್ನು ಹೊತ್ತಿಗೆ ಗುರುತಿಸುವುದು. ರೋಗಿ ಹಗಲಿಡೀ ಮಂಪರಿನಲ್ಲಿದ್ದು ರಾತ್ರಿ ಎಚ್ಚರವಿದ್ದರೆ, ಮಾತು ತಡವರಿಸಿದರೆ, ಗೊತ್ತಿರುವವರ ಗುರುತು ತಪ್ಪಿದರೆ, ವಸಡಿನಲ್ಲಿ ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ, ಬೆಳಗಾಗುವುದನ್ನು ಕಾಯಬೇಡಿ. ರಕ್ತ ಹೆಪ್ಪುಗಟ್ಟುವ ವೇಗವನ್ನು ಹೇಳುವ ಪಿ.ಟಿ. ಪರೀಕ್ಷೆಯಲ್ಲಿ ಐಎನ್‌ಆರ್ ಎಂಬ ಅಂಕಿ ಬರುತ್ತದೆ. ಲಿವರಿನ ನಿಜವಾದ ಶಕ್ತಿಯನ್ನು ಬಿಲಿರುಬಿನ್‌ಗಿಂತ ಚೆನ್ನಾಗಿ ತಿಳಿಸುವುದು ಅದು. ಅದು 1.5 ದಾಟಿದರೆ ಮನೆಯಲ್ಲಿ ಇಟ್ಟುಕೊಳ್ಳುವ ರೋಗಿಯಲ್ಲ. ಇನ್ನೊಂದು ಸೂಕ್ಷ್ಮವಿದೆ. ಎಸ್‌ಜಿಪಿಟಿ 1400ರಿಂದ 300ಕ್ಕೆ ಇಳಿಯಿತು ಎಂದು ಎಷ್ಟೋ ಮನೆಯವರು ಸಂತೋಷಪಡುತ್ತಾರೆ. ಬಿಲಿರುಬಿನ್ ಮತ್ತು ಐಎನ್‌ಆರ್ ಎರಡೂ ಏರುತ್ತಿರುವಾಗ ಎಸ್‌ಜಿಪಿಟಿ ಒಂದೇ ಇಳಿದರೆ, ಒಡೆಯಲು ಉಳಿದ ಲಿವರಿನ ಜೀವಕೋಶಗಳೇ ಕಡಿಮೆಯಾಗಿವೆ ಎಂಬ ಅರ್ಥವೂ ಇರಬಹುದು.

ಮಲೆನಾಡಿನವರಾದ್ದರಿಂದ ಇದನ್ನೂ ಸೇರಿಸುತ್ತೇನೆ. ವೈರಸ್ಸಿನ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಡುತ್ತದೆ, ನಿಮ್ಮ ತಮ್ಮನಿಗೆ ಆದಂತೆ. ಕಣ್ಣು ಹಳದಿಯಾದ ಮೇಲೂ ಜ್ವರ ಕಾಯುತ್ತಿದ್ದು, ಮೀನಖಂಡ ಮುಟ್ಟಿದರೆ ನೋವಾಗುತ್ತಿದ್ದು, ಕಣ್ಣು ಕೆಂಪಾಗಿ ಮೂತ್ರ ಕಡಿಮೆಯಾದರೆ ಅದು ಇಲಿಜ್ವರ ಇರಬಹುದು. ಗದ್ದೆಯಲ್ಲಿ, ತೋಟದ ಬಸಿಗಾಲುವೆಯಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂತಹ ಖಚಿತವಾದ ಔಷಧಗಳಿವೆ, ಬೇಗ ಕೊಟ್ಟರೆ ಜೀವ ಉಳಿಯುತ್ತದೆ. ಇಂತಹ ರೋಗಿಗಳು ಮೂರು ದಿನದ ಸೊಪ್ಪು, ಆಮೇಲೆ ಇನ್ನೂ ಮೂರು ದಿನದ ಸೊಪ್ಪು ಎಂದು ಕಳೆದು ಮೂತ್ರವೇ ನಿಂತ ಮೇಲೆ ಬಂದದ್ದನ್ನು ನನ್ನ ಸೇವಾವಧಿಯಲ್ಲಿ ಹಲವು ಸಲ ನೋಡಿದ್ದೇನೆ. ಅವರೂ ಕಾಮಾಲೆ ಎಂದೇ ತಿಳಿದಿದ್ದರು.

ಪಥ್ಯದ ಬಗ್ಗೆ ಹೇಳುವುದು ಸ್ವಲ್ಪ. ಎಣ್ಣೆ ವಾಕರಿಕೆ ತಂದರೆ ಬೇಡ, ತರದಿದ್ದರೆ ಬೇಕು. ಅರಿಶಿನದ ಬಣ್ಣಕ್ಕೂ ಕಣ್ಣಿನ ಬಣ್ಣಕ್ಕೂ ಸಂಬಂಧವಿಲ್ಲ. ಉಪ್ಪು, ಬೇಳೆ, ಮೊಟ್ಟೆ ಎಲ್ಲ ಬಿಡಿಸಿ ಇಪ್ಪತ್ತೊಂದು ದಿನ ಬರಿಯ ಗಂಜಿ ಕುಡಿಸಿದರೆ, ದುರಸ್ತಿಗೆ ಆಹಾರ ಬೇಕಾದ ಹೊತ್ತಿನಲ್ಲಿ ಲಿವರನ್ನು ಉಪವಾಸ ಕೆಡವಿದಂತೆ. ಕಬ್ಬಿನ ಹಾಲು ಒಳ್ಳೆಯದೆಂದು ರಸ್ತೆಬದಿಯ ಗಾಣದಲ್ಲಿ ಮಂಜುಗಡ್ಡೆ ಹಾಕಿಸಿ ಕುಡಿಸಬೇಡಿ, ರೋಗ ತಂದ ನೀರು ಅಂಥದ್ದೇ ಮಂಜುಗಡ್ಡೆಯಲ್ಲಿ ಇದ್ದೀತು. ಮದ್ಯ ಪೂರ್ತಿ ಬಿಡಬೇಕು. ಪ್ಯಾರಾಸಿಟಮಾಲ್ ಸೇರಿದಂತೆ ಯಾವ ನೋವಿನ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ಕೊಡಬಾರದು.


ಉತ್ತರ: ಔಷಧ ಕೊಡುವ ಮನೆಯವರು

ಮೇಲಿನ ಡಾಕ್ಟರರ ಮಾತುಗಳನ್ನು ಗೌರವದಿಂದಲೇ ಓದಿದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಕಾಮಾಲೆಗೆ ಔಷಧ ಕೊಡುತ್ತ ಬಂದಿದ್ದೇವೆ. ಅಜ್ಜ ಒಂದು ಕಾಸು ಮುಟ್ಟಲಿಲ್ಲ, ಅಪ್ಪನೂ ಮುಟ್ಟಲಿಲ್ಲ, ಬಂದವರಿಗೆ ಮನೆಯಲ್ಲೇ ಊಟವಾಗುತ್ತಿತ್ತು. ಹಣಕ್ಕಾಗಿ ಮೋಸ ಮಾಡುವವರ ಸಾಲಿಗೆ ನಮ್ಮಂತಹವರನ್ನು ಸೇರಿಸಬಾರದು. ನೆಲನೆಲ್ಲಿ ಆಯುರ್ವೇದದಲ್ಲಿ ಭೂಮ್ಯಾಮಲಕಿ ಎಂದು ಹೆಸರಾದದ್ದು, ತಮಿಳುನಾಡಿನಲ್ಲಿಯೂ ಕೀಳಾನೆಲ್ಲಿ ಎಂದು ಇದೇ ರೋಗಕ್ಕೆ ಬಳಸುತ್ತಾರೆ. ಅಷ್ಟೇ ಅಲ್ಲ, ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದ ನೊಬೆಲ್ ಪುರಸ್ಕೃತ ವಿಜ್ಞಾನಿಯೇ ಈ ಗಿಡದ ಮೇಲೆ ಮದರಾಸಿನಲ್ಲಿ ಸಂಶೋಧನೆ ನಡೆಸಿ, ಗುಣವಿದೆ ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದುಂಟು. ಅದನ್ನೇಕೆ ಯಾರೂ ಹೇಳುವುದಿಲ್ಲ? ನಮ್ಮ ಗಿಡವೆಂಬ ಕಾರಣಕ್ಕೆ ತಾತ್ಸಾರವೇ?


ಉತ್ತರ: ಔಷಧಶಾಸ್ತ್ರ ಅಧ್ಯಾಪಕಿ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆ ಸಂಶೋಧನೆಯನ್ನು ನಾನು ವರ್ಷವೂ ತರಗತಿಯಲ್ಲಿ ಪಾಠ ಮಾಡುತ್ತೇನೆ, ಆದ್ದರಿಂದ ವಿವರವಾಗಿಯೇ ಉತ್ತರಿಸುತ್ತೇನೆ.

ನೀವು ಹೇಳಿದ ವಿಜ್ಞಾನಿ ಬರೂಕ್ ಬ್ಲಂಬರ್ಗ್, 1976ರ ನೊಬೆಲ್ ಪುರಸ್ಕೃತರು. ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಜೊತೆ ಅವರ ಹೆಸರಿನಲ್ಲಿಯೂ 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಆ ಬರಹ ಪ್ರಕಟವಾಯಿತು. ಹೆಪಟೈಟಿಸ್ ಬಿ ವೈರಸ್ಸನ್ನು ದೇಹದಲ್ಲಿ ಬಹುಕಾಲದಿಂದ ಹೊತ್ತಿದ್ದವರಿಗೆ ಒಂದು ತಿಂಗಳು ನೆಲನೆಲ್ಲಿಯ ಪುಡಿಯನ್ನೋ ಅದರಂತೆಯೇ ಕಾಣುವ ಬರಿಯ ಪುಡಿಯನ್ನೋ ಕೊಟ್ಟು ನೋಡಿದರು. ನೆಲನೆಲ್ಲಿ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು, ಬರಿಯ ಪುಡಿ ಪಡೆದ 23 ಜನರಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಯಿತು. ಅಂತರ ಬಹಳ ದೊಡ್ಡದು. ಜಗತ್ತು ಇದನ್ನು ತಾತ್ಸಾರ ಮಾಡಲಿಲ್ಲ. ಇಷ್ಟು ಒಳ್ಳೆಯ ಸುದ್ದಿ ನಿಜವೇ ಎಂದು ಥೈಲ್ಯಾಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ, ಬೇರೆ ಕಡೆಗಳಲ್ಲಿ ಮತ್ತೆ ಪರೀಕ್ಷಿಸಿದರು. ಅಲ್ಲಿ ಆ ಗುಣ ಕಾಣಲಿಲ್ಲ. ಗಿಡದ ತಳಿ ಬೇರೆ ಇರಬಹುದೇ, ಕೊಯ್ದ ಕಾಲ ಬೇರೆ ಇರಬಹುದೇ ಎಂದೂ ವಿಚಾರ ಮಾಡಿದರು. ಮುಂದೆ 2011ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆಯವರು ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಈ ಗಿಡದಿಂದ ಪ್ರಯೋಜನವಿದೆ ಎನ್ನಲು ನಂಬತಕ್ಕ ಆಧಾರ ಸಾಲದು ಎಂದೇ ಬಂತು. ನೊಬೆಲ್ ಪಡೆದವರ ಹೆಸರಿದ್ದರೂ, ಮತ್ತೊಮ್ಮೆ ಮಾಡಿದಾಗ ಸಿಗದ ಫಲಿತಾಂಶವನ್ನು ಬಿಟ್ಟುಕೊಡಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಯಾವಾಗಲೂ ಮರೆಯಾಗುತ್ತದೆ. ಆ ಪ್ರಯೋಗ ನಡೆದದ್ದು ಹೆಪಟೈಟಿಸ್ ಬಿ ಹೊತ್ತವರ ಮೇಲೆ, ಕಣ್ಣು ಹಳದಿಯಾಗಿ ಬಂದ ರೋಗಿಗಳ ಮೇಲೆ ಅಲ್ಲ. ಫಲಿತಾಂಶ ನಿಂತಿದ್ದರೂ ಅದು ಕೃಷಿಕರ ತಮ್ಮನಿಗೆ ಅನ್ವಯವಾಗುತ್ತಿರಲಿಲ್ಲ. ಇನ್ನು ಹೆಪಟೈಟಿಸ್ ಬಿ ಮತ್ತು ಸಿ ಇರುವವರಿಗೆ ಇಂದು ಪರೀಕ್ಷೆಗೆ ನಿಂತ ಔಷಧಗಳಿವೆ. ಸಿ ಆದರೆ ಹೆಚ್ಚಿನವರಿಗೆ ಹನ್ನೆರಡು ವಾರದ ಮಾತ್ರೆಯಲ್ಲಿ ವೈರಸ್ಸೇ ಹೊರಟುಹೋಗುತ್ತದೆ. ಬಿ ಆದರೆ ಬೇಕಾದವರಿಗೆ ಅದನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಇವು ಉಚಿತ.

ನಮ್ಮ ಗಿಡವೆಂಬ ತಾತ್ಸಾರದ ಮಾತಿಗೆ ಇಷ್ಟು ಹೇಳುತ್ತೇನೆ. ಸರ್ಪಗಂಧವೂ ನಮ್ಮ ಗಿಡವೇ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ರಕ್ತದೊತ್ತಡದ ರೋಗಿಗಳ ಮೇಲೆ ಅದರ ಪರಿಣಾಮವನ್ನು ಅಳೆದು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತೆಲ್ಲ ಅದನ್ನು ಬಳಸಿತು. ಅಳೆದಾಗ ಗುಣ ಕಂಡಿತು, ಒಪ್ಪಿಕೊಂಡರು. ನೆಲನೆಲ್ಲಿಗೂ ಅದೇ ಅಳತೆಗೋಲನ್ನೇ ಹಿಡಿದದ್ದು.

ಕೈ ತೊಳೆಯುವ ವಿಷಯ ಬಹಳ ಸರಳ. ಆರತಿಯ ನೀರಿಗೆ ಅರಿಶಿನ ಕದಡಿ ಸುಣ್ಣ ಬೆರೆಸಿದರೆ ಕೆಂಪಾಗುವುದನ್ನು ಎಲ್ಲ ಮನೆಗಳಲ್ಲಿಯೂ ನೋಡಿದ್ದೇವೆ. ಸುಣ್ಣ ಕ್ಷಾರ, ಮತ್ತು ಗಿಡಗಳಲ್ಲಿರುವ ಅನೇಕ ಪದಾರ್ಥಗಳು ಕ್ಷಾರ ತಗುಲಿದಾಗ ಬಣ್ಣ ಬದಲಿಸುತ್ತವೆ. ಮಾವಿನ ತೊಗಟೆಯಂತಹ ಒಗರು ತೊಗಟೆಯ ರಸವನ್ನು ಅಂಗೈಗೆ ಸವರಿ ಸುಣ್ಣದ ತಿಳಿಯಲ್ಲಿ ತೊಳೆದರೆ ನೀರು ಹಳದಿಯಾಗುತ್ತದೆ. ಕಾಮಾಲೆ ಇಲ್ಲದವರು ತೊಳೆದರೂ ಆಗುತ್ತದೆ, ಇದು ಪರೀಕ್ಷಿಸಲು ಯಾರಿಗೂ ಸಾಧ್ಯ. ಮೂಗಿಗೆ ರಸ ಹಿಂಡಿ ಹಳದಿ ನೀರು ಸುರಿಸುವುದೂ ಹೀಗೆಯೇ. ಉರಿಯುವ ರಸ ಬಿದ್ದರೆ ಯಾರ ಮೂಗಾದರೂ ಸುರಿಯುತ್ತದೆ, ಬಿಲಿರುಬಿನ್ ಹೊರಹೋಗುವ ದಾರಿ ಪಿತ್ತ ಮತ್ತು ಮೂತ್ರವೇ ಹೊರತು ಅಂಗೈಯೂ ಅಲ್ಲ, ಮೂಗೂ ಅಲ್ಲ. ಮೂಗಿನ ಒಳಪದರ ಸುಟ್ಟು ಹುಣ್ಣಾಗುವುದು ಮಾತ್ರ ನಿಜವಾದ ಅಪಾಯ. ತೋಳಿಗೆ, ಹೊಟ್ಟೆಗೆ ಬರೆ ಹಾಕುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸುಟ್ಟ ಗಾಯ ಕೀವುಗಟ್ಟಿದರೆ, ಮೊದಲೇ ಸೋತ ದೇಹಕ್ಕೆ ಇನ್ನೊಂದು ರೋಗ.

ಕೊಟ್ಟರೆ ತೊಂದರೆ ಏನು ಎಂಬ ಪ್ರಶ್ನೆಯೇ ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು. ಬರಿಯ ನೆಲನೆಲ್ಲಿ ಸೊಪ್ಪಾದರೆ ದೊಡ್ಡ ವಿಷವೆಂದು ನಾನು ಹೇಳಲಾರೆ. ಆದರೆ ಕೃಷಿಕರೇ ಬರೆದಿದ್ದಾರೆ, ಜೊತೆಗೆ ಬೇರೆ ಬೇರೂ ಇದೆಯಂತೆ ಎಂದು. ಆ ಬೇರು ಯಾವುದು, ಎಷ್ಟು ಎಂದು ಕುಡಿಯುವವರಿಗೆ ಗೊತ್ತಿಲ್ಲ. ಊದಿಕೊಂಡ ಲಿವರ್ ಹೊಸ ಪದಾರ್ಥವನ್ನು ಅರಗಿಸಬೇಕಾದ ಹೊರೆ ಹೊರುವ ಕಾಲ ಇದಲ್ಲ. ಮನೆಯಂಗಳದ ಅಮೃತಬಳ್ಳಿಯನ್ನೇ ತೆಗೆದುಕೊಳ್ಳಿ. ಕೊರೊನಾ ಕಾಲದಲ್ಲಿ ಅದರ ಕಷಾಯ ಕುಡಿದು ಲಿವರಿಗೆ ಪೆಟ್ಟಾದ 43 ರೋಗಿಗಳ ವಿವರವನ್ನು ದೇಶದ ಬೇರೆ ಬೇರೆ ಆಸ್ಪತ್ರೆಗಳ ತಜ್ಞರು 2022ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ಸಂಬಂಧವನ್ನು ಒಪ್ಪಲಿಲ್ಲ, ಅದನ್ನೂ ಹೇಳಬೇಕು. ನನಗೆ ಆ ರೋಗಿಗಳ ವಿವರ ಓದಿದ ಮೇಲೆ ತಜ್ಞರ ಮಾತೇ ಸರಿ ಎನಿಸಿದೆ. ಲೋಹ ಸುಟ್ಟು ಮಾಡಿದ ಭಸ್ಮ ಬೆರೆತ ಪುಡಿಗಳದ್ದು ಬೇರೆಯೇ ಕಥೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ನಿಮ್ಮ ಅಜ್ಜನವರ ನಿಸ್ವಾರ್ಥದ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ನಿಮ್ಮ ಮನೆಗೆ ಬಂದು ಗುಣವಾದವರು ಮುಂದಿನ ವರ್ಷ ಹಣ್ಣು ತಂದು ಕೊಟ್ಟು ಹೋಗುತ್ತಾರೆ. ಗುಣವಾಗದವರು ತಿರುಗಿ ಬಂದು ಹೇಳುವುದಿಲ್ಲ. ಅವರಲ್ಲಿ ಕೆಲವರು ಹೇಳಲು ಉಳಿದಿರುವುದೂ ಇಲ್ಲ. ನಿಮ್ಮ ಮನೆಯವರಿಗೆ ಈ ಎರಡನೆಯ ಪಟ್ಟಿ ಯಾವತ್ತೂ ಕಾಣಲಿಲ್ಲ, ಅದು ನಿಮ್ಮ ತಪ್ಪಲ್ಲ.


ಉತ್ತರ: ಧಾರವಾಡದ ಕಡೆಯವಳು

ಆ ಎರಡನೆಯ ಪಟ್ಟಿಯಲ್ಲಿ ನಮ್ಮ ಅಪ್ಪನ ಹೆಸರಿದೆ.

ನಮ್ಮ ಕಡೆ ಇದನ್ನು ಕಾಮಣಿ ಎನ್ನುತ್ತಾರೆ. ಅಪ್ಪನಿಗೆ ಅರವತ್ತೊಂದು ವರ್ಷವಾಗಿತ್ತು. ಜ್ವರ ಇರಲಿಲ್ಲ, ಹೊಟ್ಟೆನೋವು ಕೂಡ ಹೇಳಿಕೊಳ್ಳುವಷ್ಟು ಇರಲಿಲ್ಲ. ಕಣ್ಣು ಹಳದಿಯಾಯಿತು, ಮೈಯೆಲ್ಲ ತುರಿಕೆ ಶುರುವಾಗಿ ರಾತ್ರಿ ನಿದ್ದೆ ಇಲ್ಲವಾಯಿತು, ಮಲ ಸುಣ್ಣದಂತೆ ಬಿಳಿಚಿಕೊಂಡಿತು. ಊರಿನವರು ಹೇಳಿದ ಕಡೆ ಔಷಧ ಕೊಡಿಸಿದೆವು. ಇಳಿಯಲಿಲ್ಲ. ಪಥ್ಯದಲ್ಲಿ ತಪ್ಪಾಗಿದೆ, ಮನೆಯಲ್ಲಿ ಒಗ್ಗರಣೆಯ ಹೊಗೆ ತಾಗಿದೆ ಎಂದರು. ಎರಡನೆಯ ಸಲ ಕೊಡಿಸಿದೆವು, ಮೂರನೆಯ ಸಲವೂ ಕೊಡಿಸಿದೆವು. ಪಥ್ಯ ತಪ್ಪಿಸಿದವಳು ನಾನೇ ಏನೋ ಎಂದು ಅಮ್ಮ ಒಳಗೊಳಗೇ ಕೊರಗುತ್ತಿದ್ದರು. ಎರಡೂವರೆ ತಿಂಗಳ ನಂತರ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ ಬೆಳೆದು ಪಿತ್ತನಾಳವನ್ನು ಒತ್ತಿಹಿಡಿದಿತ್ತು, ಅದು ಆಗಲೇ ಲಿವರಿಗೂ ಹರಡಿತ್ತು. ಶಸ್ತ್ರಚಿಕಿತ್ಸೆಯ ಹಂತ ದಾಟಿದೆ ಎಂದರು.

ಮೊದಲೇ ಹೋಗಿದ್ದರೆ ಅಪ್ಪ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಆ ರೋಗದ ಸ್ವಭಾವವನ್ನು ಆಮೇಲೆ ಓದಿ ತಿಳಿದುಕೊಂಡಿದ್ದೇನೆ. ಪಿತ್ತನಾಳದಲ್ಲಿ ಸಣ್ಣ ನಳಿಕೆಯೊಂದನ್ನು ಇಟ್ಟ ಮೂರು ದಿನಕ್ಕೆ ಅವರ ತುರಿಕೆ ಕಡಿಮೆಯಾಯಿತು, ಆ ರಾತ್ರಿ ಅವರು ಪೂರ್ತಿ ನಿದ್ದೆ ಮಾಡಿದರು. ಆ ನಿದ್ದೆಯನ್ನು ಎರಡೂವರೆ ತಿಂಗಳು ಮೊದಲೇ ಕೊಡಬಹುದಿತ್ತು ಎಂಬುದನ್ನು ನನಗೆ ಮರೆಯಲಾಗುತ್ತಿಲ್ಲ. ಪಿತ್ತಕೋಶದ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡಾಗಲೂ ಹೀಗೆಯೇ ಆಗುತ್ತದೆ ಎಂದು ಅಲ್ಲಿಯ ವೈದ್ಯರು ಹೇಳಿದರು. ಅದನ್ನು ತೆಗೆದರೆ ಮನುಷ್ಯ ಪೂರ್ತಿ ಗುಣವಾಗುತ್ತಾನೆ. ಐವತ್ತು ದಾಟಿದವರಿಗೆ ನೋವಿಲ್ಲದೆ ಕಾಮಣಿ ಬಂದರೆ, ತುರಿಕೆ ಮತ್ತು ಬಿಳಿ ಮಲ ಕಂಡರೆ, ದಯವಿಟ್ಟು ಒಂದು ಹೊಟ್ಟೆಯ ಸ್ಕ್ಯಾನ್ ಆಗುವವರೆಗೆ ಬೇರೆ ಯಾವ ಮಾತನ್ನೂ ಕೇಳಬೇಡಿ.


ಉತ್ತರ: ನಿವೃತ್ತ ತಾಲ್ಲೂಕು ವೈದ್ಯ

ತಾಯಿ, ನೀವು ಬರೆದದ್ದರಿಂದ ಬೇರೆ ಯಾರದೋ ಮನೆಯಲ್ಲಿ ಸ್ಕ್ಯಾನ್ ಬೇಗ ಆಗುತ್ತದೆ. ನಿಮ್ಮ ಅಮ್ಮನವರಿಗೆ ಒಗ್ಗರಣೆಯ ಹೊಗೆಗೂ ಆ ಗಡ್ಡೆಗೂ ಯಾವ ಸಂಬಂಧವೂ ಇಲ್ಲವೆಂದು ಒಬ್ಬ ವೈದ್ಯ ಹೇಳಿದನೆಂದು ತಿಳಿಸಿ. ಪಥ್ಯದ ದೊಡ್ಡ ಕೇಡು ಇದೇ. ಔಷಧ ಸೋತಾಗ ಸೋಲಿನ ಹೊಣೆ ಅಡುಗೆ ಮಾಡಿದ ಹೆಂಗಸಿನ ಮೇಲೆ ಬೀಳುತ್ತದೆ.

ಕೃಷಿಕರ ಮನೆಗೆ ಮಗು ಬರಲಿರುವುದರಿಂದ ಇದೊಂದು ಮಾತು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಮೈ ಎರಡು ಮೂರನೆಯ ದಿನದಿಂದ ಸ್ವಲ್ಪ ಹಳದಿಯಾಗುತ್ತದೆ, ಎದೆಹಾಲು ಚೆನ್ನಾಗಿ ಕುಡಿದರೆ ಬಹುಪಾಲು ಇಳಿಯುತ್ತದೆ. ಆದರೆ ಮೊದಲ ಇಪ್ಪತ್ನಾಲ್ಕು ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ ತಕ್ಷಣ ರಕ್ತ ಪರೀಕ್ಷೆ ಆಗಬೇಕು. ಎಳೆ ಬಿಸಿಲಿಗೆ ಹಿಡಿದರಾಯಿತು ಎಂದು ಕಾಯಬಾರದು. ಬೆಳಕಿನಿಂದ ಬಿಲಿರುಬಿನ್ ಇಳಿಯುತ್ತದೆ ಎಂಬುದು ನಿಜ, 1950ರ ದಶಕದಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಮಕ್ಕಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದ ದಾದಿಯೊಬ್ಬರು ಗಮನಿಸಿದ್ದರಿಂದಲೇ ಇಂದಿನ ನೀಲಿ ಬೆಳಕಿನ ಚಿಕಿತ್ಸೆ ಬಂದದ್ದು. ಆದರೆ ಬಟ್ಟೆ ಸುತ್ತಿದ ಮಗುವಿಗೆ ಹತ್ತು ನಿಮಿಷ ತಾಗುವ ಬಿಸಿಲು ಆ ಚಿಕಿತ್ಸೆಗೆ ಬದಲಿಯಾಗದು. ಮತ್ತೆ, ಎರಡು ವಾರ ಕಳೆದರೂ ಹಳದಿ ಉಳಿದು ಮಲ ಬಿಳಿಯಾಗಿದ್ದರೆ ಪಿತ್ತನಾಳವೇ ಬೆಳೆಯದಿರುವ ರೋಗ ಇರಬಹುದು. ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆ ಅರವತ್ತು ದಿನದೊಳಗೆ ಆದರೆ ಹೆಚ್ಚು ಫಲ ಕೊಡುತ್ತದೆ.


ಉತ್ತರ: ಔಷಧ ಕೊಡುವ ಮನೆಯವರು

ನಾನು ವಾದ ಮುಂದುವರಿಸಲು ಬರೆಯುತ್ತಿಲ್ಲ. ಧಾರವಾಡದ ಕಡೆಯ ಸಹೋದರಿಯ ಮಾತು ಓದಿ ಅಪ್ಪನಿಗೆ ಓದಿ ಹೇಳಿದೆ. ಗಿಡದಲ್ಲಿ ಗುಣವಿಲ್ಲ ಎಂಬುದನ್ನು ಅವರು ಒಪ್ಪುವುದಿಲ್ಲ, ನಾನೂ ಪೂರ್ತಿ ಒಪ್ಪಿದ್ದೇನೆ ಎನ್ನಲಾರೆ. ಆದರೆ ಇನ್ನು ಮುಂದೆ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ವರದಿ ತರದವರಿಗೆ, ಗರ್ಭಿಣಿಯರಿಗೆ, ಜ್ವರ ಇರುವವರಿಗೆ ಕೊಡುವುದಿಲ್ಲ ಎಂದು ಅಪ್ಪ ಹೇಳಿದ್ದಾರೆ. ತುರಿಕೆ, ಬಿಳಿ ಮಲ ಎಂದು ಹೇಳಿಕೊಂಡು ನಮ್ಮಲ್ಲಿಗೂ ಕೆಲವರು ಬಂದಿದ್ದರು. ಅವರು ಆಮೇಲೆ ಏನಾದರು ಎಂದು ನಾವು ಕೇಳಿರಲಿಲ್ಲ.


ಪ್ರಶ್ನೆ ಕೇಳಿದವರಿಂದ: ಮಲೆನಾಡಿನ ಕೃಷಿಕ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ವಾರಗಳ ನಂತರ ಬರೆಯುತ್ತಿದ್ದೇನೆ.

ಸೋಮವಾರ ಔಷಧಕ್ಕೆ ಹೋಗಲಿಲ್ಲ. ಬಾಕಿ ಉಳಿದಿದ್ದ ಪರೀಕ್ಷೆಗಳನ್ನು ಮಾಡಿಸಿದಾಗ ಹೆಪಟೈಟಿಸ್ ಇ ಎಂದು ಬಂತು, ಬಿ ಮತ್ತು ಸಿ ಇಲ್ಲ, ಐಎನ್‌ಆರ್ 1.1 ಇತ್ತು. ಬಿಲಿರುಬಿನ್ ಮೊದಲು 10.6ಕ್ಕೆ ಏರಿದಾಗ ಮನೆಯಲ್ಲಿ ಎಲ್ಲರೂ ಹೆದರಿದೆವು, ಆ ಎರಡು ದಿನ ಅಮ್ಮ ನನ್ನೊಂದಿಗೆ ಮಾತನಾಡಲಿಲ್ಲ. ಆಮೇಲೆ 6ಕ್ಕೆ, ಈಗ 2.3ಕ್ಕೆ ಇಳಿದಿದೆ. ತಮ್ಮ ಊಟ ಮಾಡುತ್ತಿದ್ದಾನೆ, ಸುಸ್ತು ಇನ್ನೂ ಇದೆ. ಅಮ್ಮ ಒಗ್ಗರಣೆ ಹಾಕಲು ಒಪ್ಪಿದ್ದಾರೆ, ಅರಿಶಿನ ಮಾತ್ರ ಅವನ ಪಾಲಿನ ಸಾರಿಗೆ ಇನ್ನೂ ಬಿದ್ದಿಲ್ಲ. ನಾನೂ ಒತ್ತಾಯಿಸಲಿಲ್ಲ.

ಆರೋಗ್ಯ ಇಲಾಖೆಯವರು ಬಂದು ಬಾವಿ ನೋಡಿದರು. ಹೋದ ವರ್ಷ ಕಟ್ಟಿಸಿದ ಶೌಚಾಲಯದ ಗುಂಡಿ ಬಾವಿಯಿಂದ ಇಪ್ಪತ್ತೆರಡು ಅಡಿಯಲ್ಲಿದೆ. ಕನಿಷ್ಠ ಐವತ್ತು ಅಡಿ ಇರಬೇಕಿತ್ತು, ಅದೂ ಬಾವಿಗಿಂತ ಕೆಳಮಟ್ಟದಲ್ಲಿ. ಜಾಗ ತೋರಿಸಿದವನು ನಾನೇ. ಬ್ಲೀಚಿಂಗ್ ಪುಡಿ ಹಾಕಿಸಿದ್ದೇವೆ, ಮಳೆ ಬಿಟ್ಟ ಕೂಡಲೇ ಗುಂಡಿಯನ್ನು ಬೇರೆ ಕಡೆಗೆ ಬದಲಿಸುತ್ತೇವೆ. ಅದೇ ಬಾವಿಯ ನೀರು ಬಳಸುವ ಇನ್ನೆರಡು ಮನೆಗಳಿಗೂ ಹೋಗಿ ಹೇಳಿ ಬಂದಿದ್ದೇನೆ.

ಹೆಂಡತಿಯನ್ನು ಹೆರಿಗೆ ವೈದ್ಯರಿಗೆ ತೋರಿಸಿ, ದೊಡ್ಡ ಆಸ್ಪತ್ರೆಗೆ ಹತ್ತಿರವಿರುವ ತವರುಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಇಲ್ಲಿಯ ನೀರನ್ನು ಅವಳು ಕುದಿಸದೆ ಕುಡಿದ ಕೊನೆಯ ದಿನಕ್ಕೆ ಈಗ ನಾಲ್ಕು ವಾರವಾಯಿತು. ಡಾಕ್ಟರರು ಹೇಳಿದ ಹತ್ತು ವಾರಕ್ಕೆ ಇನ್ನೂ ಆರು ವಾರ ಬಾಕಿ ಇದೆ. ದಿನವೂ ಬೆಳಿಗ್ಗೆ ಫೋನ್ ಮಾಡಿ ಊಟ ಸೇರುತ್ತಿದೆಯೇ, ಕಣ್ಣು ಹೇಗಿದೆ ಎಂದು ಕೇಳುತ್ತಿದ್ದೇನೆ.